ತೋಟದ ಬಾಂದೂ ನೆರೆಯವರ ಬೇಲಿಯೂ

ಹಿಂಗಾರಿ ಸುಗ್ಗಿ ಮುಗಿದು, ಜೋಳ ಕಡಲೆ ಮನೆ ಸೇರಿ, ಹೊಲಗಳು ಬಯಲಾದೊಡನೆ ನಮ್ಮ ಭಾಗದಲ್ಲಿ ಬಾಂದಿನ ಜಗಳಗಳು ಏಳುತ್ತವೆ. ಬೆಳೆ ನಿಂತಿರುವಾಗ ಕಾಣದಿದ್ದ ಒಡ್ಡು ಆಗ ಕಣ್ಣಿಗೆ ಬೀಳುವುದು, “ಹೋದ ವರ್ಷ ಈ ಕಲ್ಲು ಇಲ್ಲೇ ಇತ್ತೇನು?” ಎಂಬ ಮಾತು ಹೊರಡುವುದು. ಉಮರ್ಗಾ, ನಿಲಂಗಾ, ಉದಗೀರ ಈ ಮೂರರಲ್ಲಿ ಯಾವ ಊರಿನ ಕೋರ್ಟಿನ ಮುಂದೆ ಹೋಗಿ ನಿಂತರೂ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕಾಗದದ ಚೀಲ ಹಿಡಿದು ಮರದ ಕೆಳಗೆ ಕುಳಿತ ಒಕ್ಕಲಿಗರು ಕಾಣುವರು. ಅವರೊಳಗೆ ಎಷ್ಟೋ ಜನ ಬಂದಿರುವುದು ನೆರೆಹೊಲದವರ ಮೇಲಿನ ತಕರಾರಿಗಾಗಿಯೇ. ಈ ವಿಷಯದಲ್ಲಿ ನಮಗೆ ತೋಚಿದ ನಾಲ್ಕು ಮಾತುಗಳನ್ನು ಓದುಗರ ಮುಂದೆ ಇಡುತ್ತೇವೆ. ನಾವೂ ಈ ಜಗಳದಲ್ಲಿ ಬಿದ್ದು ಎದ್ದವರೇ ಆದುದರಿಂದ ಇದು ದೂರ ನಿಂತು ಮಾಡಿದ ಉಪದೇಶವೆಂದು ಯಾರೂ ತಿಳಿಯಬಾರದು.

ನಮ್ಮದು ಬಾವಿಯ ಕೆಳಗಿನ ಎರಡೆಕರೆ ತೋಟ. ಲಿಂಬೆಯ ಗಿಡಗಳು, ಅವುಗಳ ನಡುವೆ ಬದನೆ, ಮೆಣಸಿನಕಾಯಿ. ಮಗ್ಗುಲಿನ ತೋಟದವರು ಮರಾಠಿ ಮನೆಮಾತಿನವರು. ನಮ್ಮ ತಂದೆಗೂ ಅವರಿಗೂ ಬಹಳ ಹೊಂದಿಕೆ. ನಾವು ಅವರನ್ನು ಕಾಕಾ ಎಂದು ಕರೆಯುತ್ತಲೇ ಬೆಳೆದೆವು. ತಂದೆ ತೀರಿಕೊಂಡ ಮೇಲೆ, ಹಂದಿಯ ಕಾಟ ತಡೆಯಲಾರದೆ, ನಾವು ಬಾಂದಿನ ಮೇಲೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದೆವು. ಕಾಕಾರನ್ನು ಒಂದು ಮಾತು ಕೇಳಲಿಲ್ಲ. ನಮ್ಮ ಬಾಂದಿಗೆ ಅವರನ್ನೇನು ಕೇಳುವುದು ಎಂಬ ಧಿಮಾಕು. ಬೆಳಗಾಗುವಷ್ಟರಲ್ಲಿ ಮೂರು ಕಂಬ ಕಿತ್ತು ನಮ್ಮ ಮೆಣಸಿನ ಮಡಿಯಲ್ಲಿ ಬಿದ್ದಿದ್ದವು. ಆ ಮೇಲೆ ಎರಡು ವರ್ಷ ಮಾತಿಲ್ಲ. ನಮ್ಮ ಮನೆಯ ಲಗ್ನಪತ್ರಿಕೆ ಊರಿಗೆಲ್ಲ ಹೋಯಿತು, ಕಾಕಾರ ಮನೆಗೆ ಹೋಗಲಿಲ್ಲ.

ಕಡೆಗೆ ಮೋಜಣಿ ಆಯಿತು. ಮೂಡಣ ತುದಿಯಲ್ಲಿ ನಮ್ಮ ತಂತಿ ಅವರ ನೆಲದೊಳಗೆ ಎರಡೂವರೆ ಅಡಿ ಹೋಗಿತ್ತು. ಪಡುವಣ ತುದಿಯಲ್ಲಿ ಅವರ ಜೋಳದ ಸಾಲು ನಮ್ಮೊಳಗೆ ಎರಡಡಿ ಬಂದಿತ್ತು. ಇಬ್ಬರೂ ದೇವರ ಮೇಲೆ ಆಣೆಯಿಟ್ಟು ಹೇಳಿದ್ದು ಸುಳ್ಳಾಯಿತು. ಮತ್ತು ಇಬ್ಬರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಬಾಂದಿನ ಜಗಳಗಳಲ್ಲಿ ಹೆಚ್ಚಿನವು ಈ ಜಾತಿಯವೇ ಎಂದು ನಮ್ಮ ಅನಿಸಿಕೆ. ಕದ್ದು ಬಾಂದು ಒಡೆಯುವವರು ಇಲ್ಲವೆಂದಲ್ಲ. ಆದರೆ ಗೆರೆ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿಲ್ಲದೆ ಹೊಡೆದಾಡುವವರೇ ಬಹಳ.

ಗೆರೆ ಮರೆಯುವುದಕ್ಕೆ ಕಾರಣಗಳುಂಟು. ದೇವಣಿ ಎತ್ತುಗಳಿಂದ ಗಳೆ ಹೊಡೆಯುವ ಕಾಲದಲ್ಲಿ ಬಾಂದಿಗೆ ಬೆಲೆಯಿತ್ತು. ಅದರ ಮೇಲಿನ ಹುಲ್ಲು ಆ ಎತ್ತುಗಳಿಗೇ ಮೇವಾಗುತ್ತಿತ್ತು. ಆಳುಮಕ್ಕಳು ನಡೆದು ಹೋಗುವ ದಾರಿ ಅದೇ ಆಗಿತ್ತು. ಬಾಂದು ಅಗಲವಾಗಿದ್ದಷ್ಟೂ ಇಬ್ಬರಿಗೂ ಲಾಭವಿತ್ತು. ಈಗ ಎಷ್ಟೋ ಮನೆಗಳಲ್ಲಿ ಎತ್ತಿಲ್ಲ. ಹುಲ್ಲು ಯಾರಿಗೂ ಬೇಡ. ಟ್ರ್ಯಾಕ್ಟರು ಬಾಡಿಗೆಯದು, ಓಡಿಸುವ ಹುಡುಗ ಬೇರೆ ಊರಿನವನು. ಇದು ಯಾರ ಒಡ್ಡು ಎಂದು ಅವನಿಗೇನು ಗೊತ್ತು? ರೋಟಾವೇಟರು ಬಾಂದಿನ ಬುಡಕ್ಕೆ ತಾಗಿ ಒಂದು ಗೇಣು ಸೀಳಿಕೊಂಡು ಹೋಗುತ್ತದೆ, ಬಾಂದು ವರ್ಷಕ್ಕೆ ಅಷ್ಟಷ್ಟು ಸಣ್ಣದಾಗುತ್ತದೆ. ಇನ್ನು ನಮ್ಮ ಎರೆ ಮಣ್ಣಿನ ಗುಣ ನೋಡಿರಿ: ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವುದು. ಅದರಲ್ಲಿ ಹುಗಿದ ಬಾಂದಗಲ್ಲು ನಿಂತಲ್ಲಿ ನಿಲ್ಲದೆ ವಾಲುತ್ತದೆ, ಇಳಿಯುತ್ತದೆ. ಅದನ್ನು ನೆರೆಯವರು ರಾತ್ರಿ ಸರಿಸಿದರೆಂದು ನಾವು ಹೇಳುತ್ತೇವೆ. 1993ರ ಸಪ್ಟಂಬರ 30ರ ಬೆಳಗಿನ ಜಾವದ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರುಗಳ ಸುತ್ತಿನ ಊರುಗಳಲ್ಲಿ ಸಾವಿರಾರು ಜನ ಹೋದರು. ಯಾರ ಕಲ್ಲು ಎಲ್ಲಿದೆಯೆಂದು ಬಾಯಿಂದ ಹೇಳಬಲ್ಲ ಹಿರಿಯರೂ ಅವರೊಂದಿಗೆ ಹೋದರು.

ಕಾಗದ ಇದೆಯಲ್ಲ ಎನ್ನಬಹುದು. ಇದೆ; ಆದರೆ ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಅಜ್ಜನ ಪೆಟ್ಟಿಗೆಯಲ್ಲಿರುವುದು ಉರ್ದು ಇಲ್ಲವೆ ಮೋಡಿ. ನಿಲಂಗಾ, ಉದಗೀರಗಳ ಹಳೆಯ ಕಾಗದಗಳ ತಲೆಯ ಮೇಲೆ ಬೀದರ ಜಿಲ್ಲೆ ಎಂದಿರುತ್ತದೆ. 1956ರ ನವಂಬರ 1ರಂದು ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು, 1960ರಲ್ಲಿ ಮಹಾರಾಷ್ಟ್ರದಲ್ಲಾದವು, 1982ರಲ್ಲಿ ಲಾತೂರ ಜಿಲ್ಲೆಯಲ್ಲಾದವು. ಉಮರ್ಗಾ ಉಸ್ಮಾನಾಬಾದದಲ್ಲಿಯೇ ಉಳಿದು, ಆ ಜಿಲ್ಲೆಗೇ 2023ರಲ್ಲಿ ಧಾರಾಶಿವ ಎಂಬ ಹೆಸರಾಯಿತು. ನಿಜಾಮರ ಕಾಲದ ಕಾಗದದಲ್ಲಿ ಇಸವಿಯ ಬದಲು ಫಸಲಿ ಬರೆದಿದ್ದರೆ ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ: 1317 ಫಸಲಿ ಎಂದರೆ 1907. ತುಂಡುಜೋಡಣೆಯಾದ ಊರುಗಳಲ್ಲಿ ಹಳೆಯ ಸರ್ವೇ ನಂಬರೇ ಬೇರೆ, ಈಗಿನ ಗಟ್ ನಂಬರೇ ಬೇರೆ. ಇವೆರಡನ್ನೂ ತಾಳೆ ನೋಡದೆ “ನಮ್ಮಜ್ಜನ ಕಾಗದದಲ್ಲಿ ಹೆಚ್ಚಿದೆ” ಎಂದು ವಾದಿಸಿ ಕೆಟ್ಟವರನ್ನು ನಾವು ಕಂಡಿದ್ದೇವೆ.

ಅಳತೆಯಲ್ಲೂ ಗೊಂದಲ. ಹಿರಿಯರ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಸಾತ್‌ಬಾರಾದಲ್ಲಿ ಬರುವುದು ಹೆಕ್ಟೇರು ಮತ್ತು ಆರ್. ಆರ್ ಎಂಬುದು ಗುಂಟೆಗಿಂತ ಕೂದಲೆಳೆಯಷ್ಟು ಕಡಿಮೆ, ಹೆಕ್ಟೇರು ಸುಮಾರು 2 ಎಕರೆ 19 ಗುಂಟೆ. ಇಷ್ಟು ತಿಳಿದಿದ್ದರೆ ಅರ್ಧ ಅನುಮಾನ ಮನೆಯಲ್ಲಿಯೇ ತೀರುವುದು.

ಈಗ ಒಂದು ಲೆಕ್ಕ. 20 ಸರಪಳಿ, ಎಂದರೆ 660 ಅಡಿ ಉದ್ದದ ಬಾಂದು ಇದೆಯೆನ್ನೋಣ. ನೆರೆಯವರು ಉದ್ದಕ್ಕೂ ಒಂದಡಿ ಒಳಗೆ ಬಂದರು. ಹೋದದ್ದು 660 ಚದರ ಅಡಿ, ಅರ್ಧ ಗುಂಟೆಗೆ ತುಸು ಮೇಲೆ. ಎಕರೆಗೆ ಎಂಟು ಕ್ವಿಂಟಲು ಸೋಯಾಬೀನು ಬೆಳೆದರೆ ಆ ಪಟ್ಟಿಯಲ್ಲಿ ಬರುವುದು 12 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಆ ಲೆಕ್ಕಕ್ಕೆ ಸುಮಾರು 640 ರೂಪಾಯಿ, ಅದೂ ಬೀಜ ಗೊಬ್ಬರದ ಖರ್ಚು ಕಳೆಯದೆ. ಇಷ್ಟಕ್ಕಾಗಿ ವಕೀಲರ ಫೀಸು, ತಾರೀಖಿಗೊಮ್ಮೆ ಬಸ್ಸಿನ ಖರ್ಚು, ಹೈಕೋರ್ಟಿಗೆ ಹೋದರೆ ಔರಂಗಾಬಾದದ, ಈಗಿನ ಛತ್ರಪತಿ ಸಂಭಾಜಿನಗರದ, ದಾರಿ. ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಅಂದದ್ದು ಇದನ್ನೇ.

ಆದರೆ ಈ ಲೆಕ್ಕ ಹೇಳಿ “ಬಿಟ್ಟುಬಿಡಿರಿ” ಎನ್ನುವವರ ಪಕ್ಷದವರು ನಾವಲ್ಲ. ಇಂದು ಒಂದಡಿ ಬಿಟ್ಟವನು ನಾಳೆ ಇನ್ನೊಂದಡಿ ಬಿಡಬೇಕಾಗುವುದು. ಬಡವ, ವಿಧವೆ, ಪುಣೆಗೆ ಸೋಲಾಪುರಕ್ಕೆ ದುಡಿಯಲು ಹೋದವ, ಇವರ ಬಾಂದೇ ಮೊದಲು ಕರಗುವುದು. ಮೇಲಾಗಿ, ಮಾಲಕನೆಂದು ಹೇಳಿಕೊಂಡು ಒಬ್ಬನು ಹನ್ನೆರಡು ವರ್ಷ ಬಹಿರಂಗವಾಗಿ ಉತ್ತ ನೆಲವನ್ನು ಆ ಮೇಲೆ ಬಿಡಿಸಿಕೊಳ್ಳುವುದು 1963ರ ಮುದತಿನ ಕಾನೂನಿನ ಪ್ರಕಾರ ಬಹಳ ಕಠಿಣ. ಸಹನೆ ಬೇರೆ, ಸುಮ್ಮನಿರುವುದು ಬೇರೆ. ನಾವು ಹೇಳುವುದು ಇಷ್ಟು: ಮೊದಲು ಅಳೆಯಿಸಿರಿ, ಆ ಮೇಲೆ ಬೇಲಿ ಹಾಕಿರಿ, ಮತ್ತು ಅಳೆಯಿಸುವ ಅರ್ಜಿಯನ್ನು ಇಬ್ಬರೂ ಕೂಡಿ ಕೊಡಿರಿ.

ಕೂಡಿ ಕೊಡುವುದೆಂದರೆ ನಗುವವರುಂಟು. ಮಾತಾಡದವರು ಕೂಡುವುದು ಹೇಗೆ? ನಮ್ಮ ವಿಷಯದಲ್ಲಿ ಆದದ್ದು ಹೀಗೆ. ಸಂಕ್ರಾಂತಿಯ ದಿನ ನಮ್ಮ ತಾಯಿ ಎಳ್ಳು ಬೆಲ್ಲ ತೆಗೆದುಕೊಂಡು ನಮ್ಮನ್ನು ಕೇಳದೆಯೇ ಆ ಮನೆಗೆ ಹೋದಳು. ಮರುದಿನ ನಾವೂ ಹೋಗಬೇಕಾಯಿತು. “ಕಾಕಾ, ನೀವ ಮುಂದ ನಿಂತು ತೋರಸ್ರಿ. ಸರಕಾರದವ್ರು ಎಲ್ಲಿ ಕಲ್ಲ ಹಾಕ್ತಾರ ಅಲ್ಲಿ ಇಬ್ಬರೂ ನಿಲ್ಲೂಣು. ಖರ್ಚು ಅರ್ಧಾ ಅರ್ಧಾ” ಎಂದೆವು. ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಕಂಬ ಕಿತ್ತಿದ್ದು ನನ್ನ ಮಗ, ನಾ ಅಲ್ಲ” ಎಂದಷ್ಟೇ ಕನ್ನಡದಲ್ಲಿಯೇ ಹೇಳಿದರು. ಚಹಾ ಬಂತು.

ಮೋಜಣಿಯ ಕ್ರಮ ಕಷ್ಟದ್ದೇನಲ್ಲ. ತಾಲೂಕಿನ ಭೂಮಿ ಅಭಿಲೇಖ ಕಚೇರಿಗೆ ಹೊಸದಾಗಿ ತೆಗೆದ ಸಾತ್‌ಬಾರಾದೊಂದಿಗೆ ಅರ್ಜಿ ಕೊಡಬೇಕು. ಈಗ ಗಣಕಯಂತ್ರದ ಮೂಲಕವೂ ಕೊಡಬಹುದು. ಬೇಗ ಆಗಬೇಕಾದರೆ ಫೀಸು ಹೆಚ್ಚು. ತಾರೀಖು ಗೊತ್ತಾದ ಮೇಲೆ ಸುತ್ತಲಿನ ಹೊಲದವರಿಗೆಲ್ಲ ನೋಟೀಸು ಬರುತ್ತದೆ. ಅದು ಮರಾಠಿಯಲ್ಲಿರುವುದರಿಂದ ನಮ್ಮವರು ಮಡಚಿ ಜೇಬಿನಲ್ಲಿಟ್ಟು ಮರೆಯುವರು, ಅಳೆಯುವ ದಿನ ಹೊಲದಲ್ಲಿ ಇರುವುದಿಲ್ಲ, ಆ ಮೇಲೆ “ನಮ್ಮ ಹಿಂದಿನಿಂದ ಅಳೆದರು” ಎಂದು ಕೂಗುವರು. ನೋಟೀಸು ಬಂದ ದಿನವೇ ಶಾಲೆಗೆ ಹೋಗುವ ಮಗುವಿನಿಂದಾದರೂ ಓದಿಸಿಕೊಳ್ಳಬೇಕು. ಅಳೆಯುವಾಗ ಎದುರಿಗೆ ನಿಲ್ಲಬೇಕು. ಸುಣ್ಣದ ಗುರುತು ಅಳಿಸುವ ಮೊದಲೇ ಕಲ್ಲು ಹುಗಿಯಬೇಕು. ಎರೆ ಮಣ್ಣಾದರೆ ಮೊಳಕಾಲುದ್ದದ ಕುಣಿ ಸಾಲದು, ಸೊಂಟದುದ್ದ ತೋಡಿ ಬುಡಕ್ಕೆ ಕಲ್ಲು ಗಟ್ಟಿಸಬೇಕು. ಕೊನೆಗೆ ‘ಕ’ ಪ್ರತ ಎಂಬ ನಕಾಶೆಯನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಅಳತೆ ಒಪ್ಪಿಗೆಯಾಗದಿದ್ದರೆ ನಿಮತಾನಾ ಮೋಜಣಿಯೆಂದು ಮೇಲಿನ ಅಧಿಕಾರಿಯಿಂದ ಮತ್ತೊಮ್ಮೆ ಅಳೆಯಿಸಿಕೊಳ್ಳುವ ಹಕ್ಕಿದೆ. ಇಷ್ಟು ನೆನಪಿರಲಿ, ಮೋಜಣಿಯವರು ಗೆರೆ ತೋರಿಸುವವರೇ ಹೊರತು ನೆಲ ಬಿಡಿಸಿಕೊಡುವವರಲ್ಲ. ಬಿಡಿಸಿಕೊಳ್ಳುವುದು ಒಂದೋ ಒಪ್ಪಂದದಿಂದ, ಇಲ್ಲವೆ ಕೋರ್ಟಿನಿಂದ.

ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಅರ್ಜಿ ಹಾಕುವುದರಿಂದ ಸರತಿ ಸಿಗುವುದಿಲ್ಲ. ದೀಪಾವಳಿಯ ಹೊತ್ತಿಗೇ ಹಾಕಿದವನು ರೋಹಿಣಿ ಮಳೆಯೊಳಗೆ ಕಲ್ಲು ಹುಗಿದುಕೊಂಡಾನು.

ಬೇಲಿಯ ಮಾತಿಗೆ ಬರೋಣ. ಬಾಂದಿನ ಮೇಲೆ ಇಬ್ಬರಿಗೂ ಒಂದೇ ಬೇಲಿ ಇರುವುದು ನಮ್ಮ ಮತದಲ್ಲಿ ಎಲ್ಲಕ್ಕೂ ಒಳ್ಳೆಯದು. ನೆರೆಯವರು ಒಪ್ಪದಿದ್ದರೆ ಗೆರೆಯಿಂದ ಒಂದು ಮೊಳ ನಮ್ಮೊಳಗೆ ಸರಿದು ಹಾಕಬೇಕು. ಗಿಡ ಕಟಾಯಿಸಲಿಕ್ಕೆ ನಾವು ಅವರ ಹೊಲದಲ್ಲಿ ಕಾಲಿಡುವ ಪ್ರಸಂಗ ಬರಬಾರದು. ತಂತಿಗಿಂತ ಗಿಡದ ಬೇಲಿಯೇ ನಮಗೆ ಮೆಚ್ಚಿಗೆ. ಲಕ್ಕಿಯನ್ನು ದನ ಮುಟ್ಟುವುದಿಲ್ಲ. ಕವಳಿ ಮುಳ್ಳಿನೊಂದಿಗೆ ಹಣ್ಣನ್ನೂ ಕೊಡುವುದು. ಗಿರಿಪುಷ್ಪದ ಟೊಂಗೆ ನೆಟ್ಟರೆ ಚಿಗುರುವುದು, ಅದರ ಸೊಪ್ಪು ಹಸಿರು ಗೊಬ್ಬರ. ಕತ್ತಾಳೆ ಕಲ್ಲುನೆಲದಲ್ಲೂ ಬರುವುದು. ಬಳ್ಳಾರಿ ಜಾಲಿಯನ್ನು ಮಾತ್ರ ಯಾರೂ ಹತ್ತಿರ ತರಬಾರದು. ಬೇಲಿಗೆಂದು ತಂದವನ ಹೊಲವನ್ನೇ ಅದು ನುಂಗುವುದು. ಹೊಲದ ಬೆಳೆಗಾದರೆ ನಮ್ಮ ಹಿರಿಯರ ಉಪಾಯವೇ ಇದೆ: ಜೋಳದ ಸುತ್ತ ನಾಲ್ಕು ಸಾಲು ಕುಸುಬಿ. ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ, ಸುಗ್ಗಿಯಲ್ಲಿ ಮನೆಗೆ ಎಣ್ಣೆಯೂ ಆಯಿತು. ಕುಸುಬಿ ಬಿತ್ತುವುದು ಕಡಿಮೆಯಾದ ಊರುಗಳಲ್ಲಿ ಈ ಬೇಲಿಯೂ ಹೋಯಿತು.

ಮರದ ನೆರಳಿನ ಮಾತನ್ನು ನಮ್ಮ ಒಕ್ಕಲಿಗರು ತಾಳ್ಮೆಯಿಂದ ಕೇಳಬೇಕು. ಮಾರ್ಗಶಿರ ಪುಷ್ಯಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ನಮ್ಮ ಸೀಮೆಯಲ್ಲಿ ಡಿಸೆಂಬರಿನ ನಡುಹಗಲಿಗೂ 20 ಅಡಿ ಮರದ ನೆರಳು ಹದಿನೇಳು ಹದಿನೆಂಟು ಅಡಿ ಬಡಗಣಕ್ಕೆ ಬೀಳುವುದು. ಮರದ ಮಾಲಕನ ಹೊಲ ತೆಂಕಣಕ್ಕಿದ್ದರೆ ಅವನಿಗೆ ಏನೂ ನಷ್ಟವಿಲ್ಲ, ಆದ ಕಾರಣ ಅವನಿಗೆ ತಿಳಿಯುವುದೂ ಇಲ್ಲ. ಬಡಗಣದವನ ಹಿಂಗಾರಿ ಜೋಳದ ಆರು ಸಾಲು ತೆನೆ ಹಿಡಿಯುವುದಿಲ್ಲ. ಅವನು ಕೊಡಲಿ ಎತ್ತುವನು. ಫ್ರಾನ್ಸ್ ದೇಶದ ಸಿವಿಲ್ ಸಂಹಿತೆಯಲ್ಲಿ ಒಂದು ನಿಯಮವಿದೆ: ಬೇರೆ ರೂಢಿಯಿಲ್ಲದ ಕಡೆ, 2 ಮೀಟರಿಗಿಂತ ಎತ್ತರ ಬೆಳೆಯುವ ಗಿಡವನ್ನು ಗಡಿಯಿಂದ 2 ಮೀಟರು ಒಳಗೆ ನೆಡಬೇಕು, ಗಿಡ್ಡ ಗಿಡವಾದರೆ ಅರ್ಧ ಮೀಟರು. ಇಂಥದೊಂದು ಕಟ್ಟಳೆಯನ್ನು ನಮ್ಮ ಗ್ರಾಮಸಭೆಗಳೂ ಮಾತಾಡಿ ಮಾಡಿಕೊಳ್ಳಲಿಕ್ಕೆ ಏನಡ್ಡಿ? ಮಾವು, ಬೇವು, ತೇಗ ನೆಡುವವರು ಬಾಂದಿನ ಬಡಗಣಕ್ಕೆ ಯಾರ ಹೊಲವಿದೆಯೆಂದು ನೋಡಿ ನೆಡಬೇಕು.

ಹಂದಿ ಬರುವುದೆಂದು ಮನೆಯ ಕರೆಂಟನ್ನು ತಂತಿಗೆ ಹಚ್ಚುವ ದುಷ್ಟ ಪದ್ಧತಿ ಅಲ್ಲಲ್ಲಿ ಕಾಣುತ್ತಿದೆ. ಅದು ಬೇಲಿಯಲ್ಲ, ಕೊಲೆ. ರಾತ್ರಿ ನೀರು ಕಟ್ಟಲು ಬಂದ ನೆರೆಯವನ ಮಗ ಅದರ ಮೇಲೆ ಕಾಲಿಟ್ಟರೆ ಹಚ್ಚಿದವನು ಜೇಲಿಗೆ ಹೋಗುವನು, ಹೋಗಲೂಬೇಕು. ಕ್ಷಣಮಾತ್ರ ಝಟಕಾ ಕೊಡುವ ಸೌರ ಬೇಲಿಯ ಯಂತ್ರವೇ ಬೇರೆ. ಬೇಕಾದವರು ಅದನ್ನು ಕೊಳ್ಳಲಿ.

ಬಾಂದಿನ ಮೇಲೆ ಹಿಂದಿನಿಂದ ನಡೆದು ಬಂದ ದಾರಿಯನ್ನು ಬೇಲಿಯಿಂದ ಮುಚ್ಚುವ ಅಧಿಕಾರ ಯಾರಿಗೂ ಇಲ್ಲ. ಮುಚ್ಚಿದರೆ 1906ರ ಮಾಮಲೇದಾರ ಕೋರ್ಟುಗಳ ಕಾನೂನಿನ ಮೇರೆಗೆ ತಹಶೀಲದಾರರಲ್ಲಿ ದಾವೆ ಹಾಕಬಹುದು. ಆದರೆ ಮುಚ್ಚಿದ ಆರು ತಿಂಗಳೊಳಗೆ ಹಾಕಬೇಕು. “ನೋಡೋಣ, ಇನ್ನೊಂದು ಸುಗ್ಗಿ ಹೋಗಲಿ” ಎಂದು ಕುಳಿತು ಈ ಮುದತನ್ನು ಕಳೆದುಕೊಂಡವರು ಬಹಳ. ದಾರಿಯೇ ಇಲ್ಲದ ಹೊಲಕ್ಕೆ ಬಾಂದಿನ ಮೇಲಿಂದ ದಾರಿ ಬೇಕಾದರೆ 1966ರ ಜಮೀನು ಮಹಸೂಲ ಸಂಹಿತೆಯ 143ನೆಯ ಕಲಮು ಇದೆ. ಅದನ್ನೂ ವಿಚಾರಿಸುವವರು ತಹಶೀಲದಾರರೇ.

ಇನ್ನು ಹೇಳಲು ಹಿಂಜರಿಯುವ ಒಂದು ಮಾತು. ನಮ್ಮ ಊರುಗಳಲ್ಲಿ ಬಾಂದಿನ ಈಚೆ ಕನ್ನಡದ ಮನೆ, ಆಚೆ ಮರಾಠಿಯ ಮನೆ ಇರುವುದು ಸಾಮಾನ್ಯ. ಎರಡಡಿ ನೆಲದ ತಕರಾರು ಚಾವಡಿಗೆ ಬರುವಷ್ಟರಲ್ಲಿ “ಅವರ ಭಾಷೆಯವರು, ನಮ್ಮ ಭಾಷೆಯವರು” ಎಂದಾಗುವುದು. ಕೆಲವು ಕಡೆ ಜಾತಿಯ ಹೆಸರೂ ಬರುವುದು. ಅದನ್ನು ಊದಿ ಉರಿಸಲಿಕ್ಕೆ ನೆಲವೇ ಇಲ್ಲದ ಜನ ಓಡಿ ಬರುವರು. ರಾಜ್ಯಗಳ ಗಡಿಯ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಹೊಲದ ಗಡಿಗೆ ಅದನ್ನು ತಂದು ಕಟ್ಟಿದವನು ತನ್ನ ಮೊಕದ್ದಮೆಯನ್ನೇ ಕೆಡಿಸಿಕೊಳ್ಳುವನು: ನಾಳೆ ಸಾಕ್ಷಿ ಹೇಳಬೇಕಾದ ಆಚೆಯ ಮನೆಯ ಮುದುಕನ ಬಾಯಿ ಮುಚ್ಚುವುದು. ಬಾಂದು, ಗುಂಟೆ, ಮೋಜಣಿ, ಪಂಚರು, ಈ ಜಗಳದ ಶಬ್ದಗಳೆಲ್ಲ ಎರಡೂ ಮನೆಗಳಲ್ಲಿ ಒಂದೇ. ಕಾಗದ ಮರಾಠಿಯಲ್ಲಿದೆಯೆಂದು ನಾವು ಹಿಂದೆ ಬೀಳುವುದು ನಿಜವೇ. ಅದಕ್ಕೆ ಮದ್ದು, ತಿಳಿದವರಿಂದ ಪೂರ್ತಿ ಓದಿಸಿಕೊಳ್ಳದೆ ಯಾವ ಪಂಚನಾಮೆಗೂ ಹೆಬ್ಬೆಟ್ಟು ಒತ್ತದಿರುವುದು.

ಊರಿನಲ್ಲಿಯೇ ಮುಗಿಸುವ ದಾರಿಗಳೂ ಇವೆ. 2007ರ ಆಗಸ್ಟ 15ರಂದು ಮಹಾರಾಷ್ಟ್ರ ಸರಕಾರ ಮಹಾತ್ಮಾ ಗಾಂಧಿ ತಂಟಾಮುಕ್ತ ಗಾವ ಚಳವಳಿ ಆರಂಭಿಸಿದಾಗ ಗ್ರಾಮ ಗ್ರಾಮಕ್ಕೆ ಸಮಿತಿಗಳಾದವು. ಕೆಲವು ಊರುಗಳಲ್ಲಿ ಅವು ಒಳ್ಳೆಯ ಕೆಲಸ ಮಾಡಿದವು, ಕೆಲವು ಕಡೆ ಬೋರ್ಡಿನ ಮೇಲಷ್ಟೇ ಉಳಿದವು. ಕೋರ್ಟಿಗೆ ಹೋಗಿದ್ದರೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ನಿವಾಡೆಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಫೀಸೂ ಮರಳಿ ಬರುವುದು. ಇನ್ನು ನಿಮ್ಮ ಹೆಸರಿನ ಹೊಲವನ್ನು ಅವರು, ಅವರ ಹೆಸರಿನದನ್ನು ನೀವು ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಉಳುತ್ತಿದ್ದರೆ, 2023ರ ಜನವರಿಯಲ್ಲಿ ಬಂದ ಸಲೋಖಾ ಯೋಜನೆಯಲ್ಲಿ 1,000 ರೂಪಾಯಿ ಮುದ್ರಾಂಕ, 1,000 ರೂಪಾಯಿ ನೋಂದಣಿ ಶುಲ್ಕ ಕೊಟ್ಟು ಅದಲು ಬದಲು ಮಾಡಿಕೊಳ್ಳುವ ಅನುಕೂಲ ಮಾಡಿದರು. ಅದು ಮುದತಿನ ಯೋಜನೆಯಾದುದರಿಂದ ಕೈ ಹಾಕುವ ಮೊದಲು ತಲಾಠಿಯವರನ್ನು ಕೇಳಿ ನಡೆಯಬೇಕು. ಯಾವ ದಾರಿಯಿಂದ ಒಪ್ಪಂದವಾದರೂ ಬಾಯಿಮಾತಿನಲ್ಲಿ ಬಿಡಬಾರದು, ಬರೆದು ಇಬ್ಬರ ಮಕ್ಕಳ ಸಹಿಯನ್ನೂ ಹಾಕಿಸಬೇಕು. ಅಪ್ಪಂದಿರ ಒಪ್ಪಂದವನ್ನು ಮುರಿಯುವವರು ಮಕ್ಕಳೇ ಅಲ್ಲವೇ. ನಾವೇ ಅದಕ್ಕೆ ಸಾಕ್ಷಿ.

ನಮ್ಮ ತೋಟದ ಕಂಬಗಳನ್ನು ಮೂಡಣದಲ್ಲಿ ಕಿತ್ತು ಹಿಂದಕ್ಕೆ ನೆಟ್ಟೆವು. ಪಡುವಣದಲ್ಲಿ ಕಾಕಾರ ಮಗ ತನ್ನ ಸಾಲು ಬಿಟ್ಟ. ನಡುವಿನ ಬಾಂದಿನ ಮೇಲೆ ಎರಡೂ ಮನೆಯವರು ಕೂಡಿ ಮೃಗಶಿರ ಮಳೆಗೆ ಕವಳಿ ನೆಟ್ಟಿದ್ದೇವೆ. ಹಂದಿ ಇನ್ನೂ ಒಂದೆರಡು ಕಡೆ ನುಸುಳುತ್ತದೆ. ಕವಳಿ ಸೊಂಟದೆತ್ತರವಾಗಿದೆ, ಈ ಸಲ ಕಾಯಿ ಹಿಡಿದಿತ್ತು, ಉಪ್ಪಿನಕಾಯಿಗೆ ಯಾರು ಮೊದಲು ಹರಿಯಬೇಕೆಂದು ಹೆಣ್ಣುಮಕ್ಕಳಲ್ಲಿ ಸಣ್ಣ ಮಾತು ಬಂದಿತೆಂದು ಕೇಳಿದ್ದೇವೆ.